ಇವತ್ತೊಂದು ದಿನ ಡಬ್ಬಿ ಬೇಡ

ಬೆಲ್ಟಿನ ಕೊಂಡಿ ಬಿಚ್ಚಿಕೊಳ್ಳಲೇ ಇಲ್ಲ. ಮಗಳು ಎರಡೂ ಕೈಯಿಂದ ಎಳೆದಳು, ಉಗುರು ತೂರಿಸಿ ಮೀಟಿದಳು, ಮಂಚದ ಅಂಚಿಗೆ ಮೊಣಕಾಲೂರಿ ಮತ್ತೊಮ್ಮೆ ಎಳೆದಳು. ಅಪ್ಪನ ಸೊಂಟದ ಎಡಗಡೆ ಆ ತಗಡಿನ ಡಬ್ಬಿ ಕಚ್ಚಿಕೊಂಡು ಕೂತಿತ್ತು. ಬದುಕಿದ್ದಾಗಲೂ ಅಷ್ಟೇ, ಮಲಗುವ ಹೊತ್ತು ಬಿಟ್ಟರೆ ಅದು ಆ ಜಾಗದಿಂದ ಕದಲಿದ್ದಿಲ್ಲ.

"ಕತ್ತರಿ ತಗೊಂಡು ಬಾ," ಅಂದರು ಅತ್ತೆ. ಸತ್ತವನ ಅಕ್ಕ ಅವರು, ಅಳುವುದನ್ನು ಆಮೇಲೆ ನೋಡಿಕೊಳ್ಳೋಣ ಎಂದು ಬೆಳಗಿನಿಂದ ಸೆರಗು ಬಿಗಿದು ಓಡಾಡುತ್ತಿದ್ದರು. "ಆ ಬೆಲ್ಟು ಇನ್ನು ಯಾರಿಗೆ ಬೇಕು?"

"ಕತ್ತರಿಸ್ಬೇಡಿ. ಬೈತಾರೆ," ಎಂದಳು ಗೋಡೆಗೊರಗಿ ಕೂತಿದ್ದ ಅಮ್ಮ.

ಬೈಯುವವನು ಮಾತಿಲ್ಲದೆ ಮಲಗಿದ್ದ. ಆರು ಗಂಟೆಯ ಪಾಳಿಗೆ ಹೊರಟು, ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತು, ಬೂಟಿನ ಲೇಸು ಕಟ್ಟಲು ಬಗ್ಗಿದವನು ಮತ್ತೆ ಏಳಲಿಲ್ಲ. ಹೃದಯ ನಿಂತಿದೆ ಅಂದರು ಪಕ್ಕದ ಬೀದಿಯ ಡಾಕ್ಟರು. ಬೆಂಕಿ, ಕತ್ತಲು, ಹಿಮ, ಮುಚ್ಚಿದ ಬಾಗಿಲು, ಹೀಗೆ ಏನೇನಕ್ಕೋ ಸಿದ್ಧನಾಗಿದ್ದ ಮನುಷ್ಯ. ಬೂಟಿನ ಲೇಸಿಗೆ ಮಾತ್ರ ಸಿದ್ಧನಾಗಿರಲಿಲ್ಲ.

ಕೊನೆಗೂ ಕೊಂಡಿ ಸಡಿಲವಾಯಿತು. ಮಗಳು ಡಬ್ಬಿಯನ್ನು ತೆಗೆದು ಕಿಟಕಿಯ ಮೇಲಿಟ್ಟಳು. ಇದನ್ನು ಕಂಡು ಜನ ನಗುವುದು ಇನ್ನು ಮುಗಿಯಿತು ಎನ್ನಿಸಿ ಒಂದು ಗಳಿಗೆ ಹಗುರವಾಯಿತು. ಆ ಹಗುರಕ್ಕೆ ಅವಳಿಗೇ ನಾಚಿಕೆಯಾಯಿತು.

ಅಷ್ಟರಲ್ಲಿ ಗಂಡ ಮಹಡಿಯಿಂದ ಇಳಿದು ಬಂದ. ಮೇಲಿನ ಎರಡು ಕೋಣೆಗಳಲ್ಲೇ ಅವರಿಬ್ಬರ ಸಂಸಾರ. ಮಾವ ಬಾಗಿಲು ಕಾಯುತ್ತಿದ್ದ ಕೋಲ್ಡ್ ಸ್ಟೋರೇಜಿನಲ್ಲೇ ಅಳಿಯನಿಗೂ ಕೆಲಸ, ಪೆಟ್ಟಿಗೆ ಹೊರುವುದು, ಜೋಡಿಸುವುದು.

"ಮೇಸ್ತ್ರಿ ಫೋನ್ ಮಾಡಿದ್ರು. ಮೀನಿನ ಲಾರಿ ಬಂದು ನಿಂತಿದೆ, ಅರ್ಧ ಇಳಿಸಿದಾರೆ, ಇರೋ ಜನ ಸಾಲ್ತಿಲ್ಲ. ಬಿಟ್ರೆ ಮಾಲು ನೀರಾಗುತ್ತೆ. ಈಗ ಎಂಟು, ಹತ್ತೂವರೆಗೆ ಎಲ್ಲರ ಜೊತೆ ಬಂದ್ಬಿಡ್ತೀನಿ. ಹನ್ನೆರಡಕ್ಕಲ್ವಾ ಎತ್ತೋದು?"

"ಇವತ್ತೂ ಹೋಗ್ಬೇಕಾ?"

"ಮಾವ ಇದ್ದಿದ್ರೆ ಹೋಗು ಅಂತಿದ್ರು ಕಣೇ."

ಅದು ನಿಜವೇ. ಅವನು ಕೈಯಲ್ಲೊಂದು ಬಿಳಿ ಅಂಗಿ ಮಡಚಿ ಹಿಡಿದಿದ್ದ, ಕೆಲಸ ಮುಗಿಸಿ ಅಲ್ಲೇ ತೊಟ್ಟು ಬರುವುದಕ್ಕೆ. ಬಾಗಿಲ ಪಕ್ಕದ ಮೊಳೆಯಲ್ಲಿ ಅವನದೂ ಒಂದು ಡಬ್ಬಿ ನೇತಾಡುತ್ತಿತ್ತು, ಮಾವ ಕೊಟ್ಟದ್ದು. ಅದರ ಮೇಲೆ ಕೈಯಿಟ್ಟು ಹೆಂಡತಿಯ ಮುಖ ನೋಡಿದ.

"ಡಬ್ಬಿ ತಗೊಂಡು ಹೋಗ್ಲಾ?"

ದಿನಾ ಕೇಳುತ್ತಿದ್ದ ಪ್ರಶ್ನೆಯೇ. ದಿನಾ ಅವಳು ಮೂತಿ ತಿರುವುತ್ತಿದ್ದಳು, ಒಂದು ದಿನ ಅವನು ಒಯ್ಯುತ್ತಿದ್ದ, ಒಂದು ದಿನ ಬಿಡುತ್ತಿದ್ದ.

"ಇವತ್ತೊಂದು ದಿನ ಬೇಡ ರೀ. ಅಪ್ಪನ್ನ ನೋಡೋಕೆ ಬರೋರು ನಿಮ್ಮ ಸೊಂಟ ನೋಡಿ ನಗೋದು ಬೇಡ."

ಅವನು ಕೈ ತೆಗೆದ. ಮಾವನ ಪಾದ ಮುಟ್ಟಿ ಹೊರಟುಹೋದ.

*

ಅವಳಿಗೆ ಆರು ವರ್ಷವಿದ್ದಾಗ ಅಪ್ಪ ಒಂದು ಸಂಜೆ ಕಂಬಳಿ ಸುತ್ತಿಕೊಂಡು, ಇಬ್ಬರ ಹೆಗಲಿಗೆ ಜೋತುಬಿದ್ದು ಮನೆಗೆ ಬಂದಿದ್ದ. ಎಡಗೈಯ ಎರಡು ಬೆರಳ ತುದಿ ಕರ್ರಗಾಗಿದ್ದವು. ಆಮೇಲೆ ಅವನ್ನು ಆಸ್ಪತ್ರೆಯಲ್ಲಿ ಕತ್ತರಿಸಿದರು.

ಆ ಕೋಲ್ಡ್ ಸ್ಟೋರೇಜಿನಲ್ಲಿ ನಾಲ್ಕು ಕೋಣೆ. ಒಳಗೆ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ. ಗೋಡೆ ಎಷ್ಟು ದಪ್ಪ ಎಂದರೆ ಒಳಗಿನವನು ಗಂಟಲು ಹರಿಯುವಂತೆ ಕೂಗಿದರೂ ಹೊರಗಿನವನಿಗೆ ಕೇಳದು. ಫೋನು ಒಯ್ದರೆ ಥಂಡಿಗೆ ಸಾಯುತ್ತದೆಂದು ಎಲ್ಲರೂ ಅದನ್ನು ಹೊರಗೇ ಬೀರುವಿನಲ್ಲಿಡುತ್ತಿದ್ದರು. ಹಾಗಾಗಿ ನಂಬಿಕೆಯೆಲ್ಲ ಬಾಗಿಲ ಪಕ್ಕದ ಹಲಗೆಯ ಮೇಲೆ. ಹಲಗೆಯಲ್ಲಿ ಎರಡು ಸಾಲು ಮೊಳೆ, ಪ್ರತಿಯೊಬ್ಬನಿಗೂ ನಂಬರು ಕೊರೆದ ಒಂದು ಹಿತ್ತಾಳೆ ಬಿಲ್ಲೆ. ಒಳಗೆ ಹೋಗುವವನು ತನ್ನ ಬಿಲ್ಲೆಯನ್ನು ಮೇಲಿನ ಸಾಲಿಗೆ ಹಾಕಬೇಕು, ಹೊರಗೆ ಬಂದವನು ಕೆಳಗಿನ ಸಾಲಿಗೆ. ಮೇಲಿನ ಸಾಲು ಖಾಲಿಯಾಗದೆ ಬಾಗಿಲು ಹಾಕುವಂತಿಲ್ಲ.

ಆ ದಿನ ಒಬ್ಬ ಗೆಳೆಯ ಮೇಲಿನ ಸಾಲಿನಲ್ಲಿ ಅಪ್ಪನ ಬಿಲ್ಲೆ ಕಂಡ. ಪಾಪ, ಕೆಳಗೆ ಹಾಕುವುದನ್ನು ಮರೆತು ಚಹಾಕ್ಕೆ ಹೋಗಿದ್ದಾನೆ, ಸುಮ್ಮನೆ ಬೈಸಿಕೊಳ್ಳುವುದು ಬೇಡ ಎಂದು ತಾನೇ ಕೆಳಗೆ ಹಾಕಿದ. ಉಪಕಾರ! ಐದು ಗಂಟೆ ಹೊತ್ತು ಅಪ್ಪ ಆ ಉಪಕಾರದೊಳಗಿದ್ದ.

ಬೆರಳು ವಾಸಿಯಾದ ಮೇಲೆ ಅಪ್ಪ ಬಾಗಿಲು ಕಾಯುವ ಕೆಲಸವನ್ನು ಕೇಳಿ ಪಡೆದ. ಹತ್ತೊಂಬತ್ತು ವರ್ಷ ಅಲ್ಲೇ ಇದ್ದ. ಬಾಗಿಲು ಹಾಕುವ ಮುನ್ನ ಬಿಲ್ಲೆ ಎಣಿಸುವುದು, ಅದೂ ಸಾಲದೆಂದು ಪ್ರತಿ ಕೋಣೆಯ ಕೊನೆಯವರೆಗೂ ನಡೆದುಹೋಗಿ "ಯಾರಿದೀರಾ?" ಎಂದು ಮೂರು ಸಲ ಕೂಗುವುದು. ಮತ್ತೆ ಆ ಡಬ್ಬಿ. ಅದರಲ್ಲೊಂದು ಸೀಟಿ, ಬೆರಳುದ್ದದ ಟಾರ್ಚು, ಸ್ಕ್ರೂಡ್ರೈವರು, ಉಣ್ಣೆಯ ಟೋಪಿ, ಒಂದು ಜೊತೆ ಕಾಲುಚೀಲ, ಸಕ್ಕರೆ ಪೊಟ್ಟಣ. ಮದುವೆಗೆ ಹೋದರೂ ಡಬ್ಬಿ, ಕ್ಷೌರಕ್ಕೆ ಹೋದರೂ ಡಬ್ಬಿ. ಊರೆಲ್ಲ ಅವನನ್ನು ಡಬ್ಬಿಯಣ್ಣ ಅಂದಿತು. ಹಗ್ಗ ಕಂಡರೂ ಹಾವು ಅನ್ನುವ ಪುಕ್ಕಲ ಅಂದಿತು. ಅಪ್ಪನೂ ಜೊತೆಗೆ ನಗುತ್ತಿದ್ದ, ಆದರೆ ಡಬ್ಬಿ ಬಿಚ್ಚುತ್ತಿರಲಿಲ್ಲ.

ಮಗಳ ಶಾಲೆಯ ಚೀಲದಲ್ಲೂ ಒಂದು ಸೀಟಿ ಇರುತ್ತಿತ್ತು. ಒಮ್ಮೆ ತರಗತಿಯಲ್ಲಿ ಯಾರೋ ಅದನ್ನು ತೆಗೆದು ಊದಿ, ಟೀಚರು ಅವಳನ್ನು ಬೆಂಚಿನ ಮೇಲೆ ನಿಲ್ಲಿಸಿದರು. ಅವತ್ತು ಮನೆಗೆ ಬಂದು ಸೀಟಿಯನ್ನು ಚರಂಡಿಗೆ ಎಸೆದಳು. ಮಾರನೆಯ ದಿನ ಚೀಲದಲ್ಲಿ ಇನ್ನೊಂದು ಸೀಟಿ ಇತ್ತು.

*

ಹತ್ತು ಗಂಟೆಯ ಹೊತ್ತಿಗೆ ಮನೆ ತುಂಬಿತು. ಬಂದವರು ಮುಖ ನೋಡಿ, ಹೂವಿಟ್ಟು, ಜಾಗ ಸಿಕ್ಕಲ್ಲಿ ಕೂತರು. ಸಾವಿನ ಮನೆಯಲ್ಲಿ ಮಾತು ಮೊದಲು ಪಿಸುಗುಟ್ಟುತ್ತದೆ, ಆಮೇಲೆ ತಾನಾಗಿ ಗಂಟಲು ಬಿಚ್ಚುತ್ತದೆ.

"ನಮ್ಮ ಮನೆ ಬೀಗ ಕೆಟ್ಟಾಗ ಇವನೇ ಬಂದು ತೆಗ್ದಿದ್ದು, ಆ ಡಬ್ಬೀಲಿದ್ದ ಸ್ಕ್ರೂಡ್ರೈವರಲ್ಲಿ," ಅಂದ ದರ್ಜಿ.

"ನನಗೆ ಬಸ್ಸಲ್ಲಿ ತಲೆ ಸುತ್ತಿ ಬಂದಾಗ ಸಕ್ಕರೆ ಕೊಟ್ಟಿದ್ದ," ಅಂದಳು ಎದುರು ಮನೆಯವಳು.

"ಊರಿಗೆಲ್ಲ ಕೊಟ್ಟ. ತಾನು ಒಂದು ದಿನ ಬಳಸ್ಲಿಲ್ಲ," ಎಂದರು ಅತ್ತೆ. ಆಮೇಲೆ ಅವರಿಗೆ ತಡೆಯಲಾಗಲಿಲ್ಲ, ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು.

ಮಗಳು ಗಂಡನಿಗೆ ಫೋನು ಮಾಡಿದಳು. ರಿಂಗಾಯಿತು, ಎತ್ತಲಿಲ್ಲ. ಲಾರಿ ಇಳಿಸುತ್ತಿರಬೇಕು ಅಂದುಕೊಂಡಳು. ಹತ್ತೂವರೆಗೆ ಮತ್ತೆ ಮಾಡಿದಳು. ಗಾಡಿಯಲ್ಲಿ ಬರುತ್ತಿರಬೇಕು ಅಂದುಕೊಂಡಳು. ಅಂದುಕೊಳ್ಳುವುದಕ್ಕೆ ಏನು ಕಷ್ಟ?

ಮ್ಯಾನೇಜರು ತಮ್ಮ ಕಾರಿನಲ್ಲಿ ಬಂದರು, ಕೈಯಲ್ಲಿ ದೊಡ್ಡ ಹಾರ. ಅಮ್ಮನ ಮುಂದೆ ಕುಕ್ಕರುಗಾಲಲ್ಲಿ ಕೂತು, "ಇಂಥ ನಿಯತ್ತಿನ ಮನುಷ್ಯ ಇನ್ನು ಸಿಗಲ್ಲಮ್ಮ," ಅಂದರು.

ಅಮ್ಮ ತಲೆ ಎತ್ತಿ, "ಆ ಮೂರನೇ ಕೋಣೆ ಹಿಡಿ ಸರಿ ಮಾಡಿಸಿದ್ರಾ ಸಾರ್?" ಎಂದು ಕೇಳಿದಳು.

ಸುತ್ತಲಿನವರಿಗೆ ಕಸಿವಿಸಿಯಾಯಿತು. ಗಂಡನ ಹೆಣದ ಮುಂದೆ ಕೇಳುವ ಮಾತೇ ಇದು?

"ಹದಿನೈದು ದಿನದಿಂದ ರಾತ್ರಿ ಊಟಕ್ಕೆ ಕೂತಾಗೆಲ್ಲ ಅದೇ ಹೇಳ್ತಿದ್ರು. ಒಳಗಿಂದ ತೆಗೆಯೋ ಹಿಡಿ ಮುರಿದಿದೆ, ಬರೆದು ಕೊಟ್ಟಿದೀನಿ ಅಂತ."

"ಮುಂದಿನ ವಾರ ಜನ ಬರ್ತಾರಮ್ಮ," ಅಂದರು ಮ್ಯಾನೇಜರು ಎದ್ದು ನಿಲ್ಲುತ್ತ. "ಹೇಳಿದೀನಿ."

*

ಹೋದ ವಾರ ಅಪ್ಪ ಅಳಿಯನನ್ನು ಕೂರಿಸಿಕೊಂಡು, ಊಟದ ಮೇಜಿನ ಮೇಲೆ ಹಳೆಯದೊಂದು ಬಾಗಿಲ ಹಿಡಿಯನ್ನಿಟ್ಟುಕೊಂಡಿದ್ದ.

"ನೋಡು, ಈ ತಗಡಿಗೆ ನಾಲ್ಕು ಸ್ಕ್ರೂ. ಮೇಲಿನ ಎರಡು ಪೂರ್ತಿ ತೆಗಿ, ಕೆಳಗಿನವು ಸಡಿಲ ಆದ್ರೆ ಸಾಕು. ಒಳಗೊಂದು ಸರಳು ಕಾಣುತ್ತೆ. ಅದನ್ನ ನಿನ್ನ ಕಡೆಗೆ ಎಳಿ. ಹೊರಗೆ ಬೀಗ ಹಾಕಿದ್ರೂ ಬಾಗಿಲು ತಾನೇ ಬರುತ್ತೆ. ಕಣ್ಣು ಮುಚ್ಚಿಕೊಂಡು ಮಾಡು ನೋಡೋಣ."

ಅಳಿಯ ಕಣ್ಣು ಮುಚ್ಚಿ ಮಾಡಿದ. ಮೊದಲ ಸಲ ಏಳು ನಿಮಿಷ, ಆಮೇಲೆ ಐದು, ಆಮೇಲೆ ನಾಲ್ಕು. ಇಬ್ಬರೂ ಮಕ್ಕಳಂತೆ ಖುಷಿಪಟ್ಟರು. ಮಗಳಿಗೆ ರೇಗಿತು.

"ಅಪ್ಪಾ, ನಿನ್ನ ಹುಚ್ಚನ್ನ ನನ್ನ ಗಂಡನಿಗೂ ಹಿಡಿಸ್ಬೇಡ. ಆಗ್ಲೇ ಇವರನ್ನ ಮರಿ ಡಬ್ಬಿ ಅಂತ ಕರೀತಾರಂತೆ."

ಅಪ್ಪ ತುಂಡು ಬೆರಳುಗಳಿಂದ ಸ್ಕ್ರೂಗಳನ್ನು ಒಟ್ಟುಮಾಡಿದ. "ಹುಚ್ಚು ನಂಗೇ ಇರ್ಲಿ ಮಗಳೇ. ಡಬ್ಬಿ ಅವನಿಗಿರ್ಲಿ," ಅಂದ. ಸಿಟ್ಟಿನಿಂದ ಅಂದದ್ದಲ್ಲ. ಅದಕ್ಕೇ ಅವಳಿಗೆ ಇನ್ನಷ್ಟು ಸಿಟ್ಟು ಬಂದಿತ್ತು.

*

ಕೋಲ್ಡ್ ಸ್ಟೋರೇಜಿನವರು ಬಂದಾಗ ಹನ್ನೊಂದಕ್ಕೆ ಹತ್ತು ನಿಮಿಷ. ಎಂಟು ಜನ, ತಲೆ ಬಾಚಿಕೊಂಡು, ಒಗೆದ ಅಂಗಿ ತೊಟ್ಟು, ಒಂದೇ ವ್ಯಾನಿನಲ್ಲಿ ಬಂದಿಳಿದರು. ಮುಂದೆ ಮೇಸ್ತ್ರಿ, ಅವನ ಕೈಯಲ್ಲೊಂದು ಬಟ್ಟೆ ಚೀಲ. ಹಿಂದೆ ಉದ್ದಣ್ಣ, ಯಾವ ಬಾಗಿಲಿಗೂ ತಲೆ ತಗ್ಗಿಸಬೇಕಾದವನು. ಮನೆ ಕಿಕ್ಕಿರಿದಿತ್ತು. ಮಗಳು ಅಮ್ಮನಿಗೆ ನೀರು ಕುಡಿಸುತ್ತಿದ್ದಳು. ಬಂದವರಲ್ಲಿ ಗಂಡನೂ ಇದ್ದಾನೆ, ಚಪ್ಪಲಿ ಬಿಟ್ಟು ಒಳಗೆ ಬರುತ್ತಾನೆ ಎಂದುಕೊಂಡಳು.

ಮೇಸ್ತ್ರಿ ಮಂಚದ ಕಾಲ ಕಡೆ ನಿಂತು ಗಂಟಲು ಸರಿಮಾಡಿಕೊಂಡ. ಕೂಗಾಡಿ ಅಭ್ಯಾಸವಿದ್ದವನು, ಮೆಲ್ಲಗೆ ಮಾತಾಡಲು ಪರದಾಡಿದ.

"ಹತ್ತೊಂಬತ್ತು ವರ್ಷ ದಿನಾ ನಮ್ಮನ್ನ ಎಣಿಸಿ ಮನೆಗೆ ಕಳಿಸ್ದ ಇವ್ನು. ನಾವು ನಗ್ತಿದ್ವಿ. ಇವತ್ತು ನಾವೇ ಬಂದು ಅವನ ಹತ್ರ ಲೆಕ್ಕ ಒಪ್ಪಿಸ್ಬೇಕು ಅಂತ ಅನ್ನಿಸ್ತು. ಅದಕ್ಕೆ ಹಲಗೆ ಮೇಲಿದ್ದ ಬಿಲ್ಲೆ ಎಲ್ಲಾ ತಂದಿದೀವಿ. ಒಬ್ಬೊಬ್ರೂ ತಮ್ಮ ಬಿಲ್ಲೆ ಇಡ್ತೀವಿ. ಎಲ್ರೂ ಹೊರಗಿದೀವಿ ಅಂತ ಅವನಿಗೆ ಗೊತ್ತಾಗ್ಲಿ."

ಆ ಮಾತಿಗೆ ಬಂದವರೆಲ್ಲ ಕಣ್ಣೊರೆಸಿಕೊಂಡರು. ಮಗಳೂ ಅತ್ತಳು. ಅಪ್ಪನಿಗೆ ಇಷ್ಟು ಮರ್ಯಾದೆ ಸಿಕ್ಕಿದ್ದನ್ನು ಅವಳು ಯಾವತ್ತೂ ಕಂಡಿರಲಿಲ್ಲ.

"ಮೂರು," ಎಂದು ತನ್ನ ಬಿಲ್ಲೆಯನ್ನು ಪಾದದ ಬಳಿ ಇಟ್ಟ ಮೇಸ್ತ್ರಿ.

"ಎಂಟು," ಎಂದ ಉದ್ದಣ್ಣ.

"ಹನ್ನೊಂದು."

"ಐದು."

ಹಿತ್ತಾಳೆ ಹಿತ್ತಾಳೆಗೆ ತಾಗಿ ಸಣ್ಣಗೆ ಸದ್ದಾಗುತ್ತಿತ್ತು. ಎಂಟು ಜನವೂ ಇಟ್ಟು ಪಕ್ಕಕ್ಕೆ ನಿಂತರು. ಮೇಸ್ತ್ರಿ ಚೀಲ ಮಡಚಲು ಹೋಗಿ, ತಳದಲ್ಲಿ ಏನೋ ಗಟ್ಟಿಯಾಗಿ ಸಿಕ್ಕಿ, ಕೈ ಹಾಕಿ ತೆಗೆದ. ಕಿಟಕಿಯ ಬೆಳಕಿಗೆ ಹಿಡಿದ.

"ಹದಿನೇಳು. ಅಳಿಯಂದು. ಎಲ್ಲಿ, ಕರೀರಿ ಅವನ್ನ. ಒಳಗಿದಾನಾ?"

ಮಗಳ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು.

"ನಿಮ್ಮ ಜೊತೆ ಬರ್ಲಿಲ್ವಾ?"

"ನಮ್ಮ ಜೊತೆ? ಇಲ್ವಲ್ಲ ತಂಗಿ. ಅವನು ಮನೆಯವನು, ಕೆಲಸ ಮುಗೀತಿದ್ದಂಗೆ ಓಡಿ ಬಂದಿರ್ತಾನೆ ಅಂದ್ಕೊಂಡ್ವಿ."

"ಬಂದಿಲ್ಲ. ಫೋನ್ ಎತ್ತಿಲ್ಲ." ತನ್ನ ದನಿ ತನಗೇ ಬೇರೆ ಯಾರದೋ ಎನ್ನುವಂತೆ ಕೇಳಿತು ಅವಳಿಗೆ. "ಈ ಬಿಲ್ಲೆ ಯಾವ ಸಾಲಲ್ಲಿತ್ತು?"

ಮೇಸ್ತ್ರಿ ಬಿಲ್ಲೆ ನೋಡಿದ, ಚೀಲ ನೋಡಿದ.

"ಯಾವ ಸಾಲು, ಅಣ್ಣಾ?"

"ನೋಡ್ಲಿಲ್ಲ. ಎಲ್ಲಾ ಒಟ್ಟಿಗೆ ಬಳಿದು ಚೀಲಕ್ಕೆ ಹಾಕ್ದೆ."

ಉದ್ದಣ್ಣ ಗೋಡೆ ಹಿಡಿದುಕೊಂಡ. ಅಷ್ಟೆತ್ತರದ ಮನುಷ್ಯ ಮಗುವಿನಂತೆ ಬಿಕ್ಕುತ್ತ ಹೇಳಿದ. "ಬಿಳಿ ಅಂಗಿ ಹಾಕ್ಕೊಂಡು, ಮಾವ ಮಾಡೋ ಹಾಗೆ ಇವತ್ತು ನಾನೊಂದು ಸುತ್ತು ಹೋಗಿ ಕೂಗಿ ಬರ್ತೀನಿ ಅಂದಿದ್ದ. ಒಂದನೇ ಕೋಣೆಯಿಂದ ಹೊರಗೆ ಬಂದಿದ್ದು ನೋಡ್ದೆ. ಮುಗೀತು ಅಂದ್ಕೊಂಡೆ. ಮೂರನೇದ್ರಲ್ಲಿ ಲೈಟ್ ಉರೀತಿತ್ತು. ಯಾರೋ ಮರೆತಿದಾರೆ ಅಂತ ಲೈಟ್ ಆರಿಸಿ ಬಾಗಿಲು ಹಾಕ್ದೆ. ಸ್ನಾನ ಮಾಡಿ ಬರೋಣ ಅಂತ ಎಲ್ರೂ ಆಗ್ಲೇ ಮನೆಗೆ ಹೊರಟ್ವಿ."

"ಎಷ್ಟು ಹೊತ್ತಿಗೆ?"

"ಒಂಬತ್ತೂವರೆ."

ಗಡಿಯಾರದಲ್ಲಿ ಹನ್ನೊಂದು ಹತ್ತು.

"ಗಾಬರಿ ಆಗ್ಬೇಡಿ, ಒಳಗೆ ಗಂಟೆ ಗುಂಡಿ ಇದೆ, ಒತ್ತಿದ್ರೆ ಬಾಗಿಲ ಕಾವಲಿನವನಿಗೆ ಕೇಳುತ್ತೆ," ಎಂದು ಶುರುಮಾಡಿದ ಮ್ಯಾನೇಜರು ಮಂಚದ ಕಡೆ ನೋಡಿ ನಿಲ್ಲಿಸಿದರು. ಕಾವಲಿನವನು ಅಲ್ಲಿ ಮಲಗಿದ್ದ.

ಅಮ್ಮ ಗೋಡೆ ಹಿಡಿದು ಎದ್ದಳು. ಅವಳ ಮುಖದಲ್ಲಿ ಸಣ್ಣದೊಂದು ಧೈರ್ಯವಿತ್ತು. "ಹೆದರ್ಬೇಡ. ಸ್ಕ್ರೂ ಬಿಚ್ಚೋದು ಅವನಿಗೆ ಬರುತ್ತೆ. ಡಬ್ಬಿ ತಗೊಂಡು ಹೋಗಿದಾನಲ್ಲ?"

ಮಗಳು ಬಾಗಿಲ ಪಕ್ಕದ ಮೊಳೆಯ ಕಡೆ ನೋಡಿದಳು. ಎಲ್ಲರೂ ಅವಳ ಜೊತೆಗೇ ನೋಡಿದರು.

ಆಮೇಲಿನದು ಅವಳಿಗೆ ತುಂಡು ತುಂಡಾಗಿ ನೆನಪು. ಕಿಟಕಿಯ ಮೇಲಿದ್ದ ಅಪ್ಪನ ಡಬ್ಬಿಯನ್ನು ಬಾಚಿಕೊಂಡು ಓಡಿದ್ದು. ಗಲ್ಲಿಯ ಬಾಯಲ್ಲಿ ಅಪ್ಪನನ್ನು ಒಯ್ಯಲು ಬಂದಿದ್ದ ಹೆಣದ ವ್ಯಾನು ಅಡ್ಡ ನಿಂತು ಅದರ ಹಿಂದಿನ ಗಾಡಿಗಳೆಲ್ಲ ಸಿಕ್ಕಿಕೊಂಡಿದ್ದದ್ದು. ಮೇಸ್ತ್ರಿ ಆ ವ್ಯಾನಿನ ಬಾಗಿಲನ್ನೇ ಕಿತ್ತುಹಾಕುವವನಂತೆ ತೆಗೆದು, "ನಡಿ, ನಡಿ" ಎಂದು ಡ್ರೈವರನ ಬೆನ್ನಿಗೆ ಗುದ್ದಿದ್ದು. ಬೀಗದ ಕೈ ಹಿಡಿದ ಮ್ಯಾನೇಜರು ಹಾರದ ರಾಶಿಯ ನಡುವೆ ಕೂತು, ಕೇಳುವವರಿಲ್ಲದಿದ್ದರೂ, ಮುಂದಿನ ವಾರ ಬರ್ತೀನಿ ಅಂದಿದ್ರು, ಮುಂದಿನ ವಾರ ಅಂದಿದ್ರು ಎಂದು ಗೊಣಗುತ್ತಿದ್ದದ್ದು.

ಕೋಲ್ಡ್ ಸ್ಟೋರೇಜಿನ ಅಂಗಳಕ್ಕೆ ಇಳಿದಾಗ ಗಂಟೆ ಕೇಳಿಸಿತು. ಖಾಲಿ ಕಾವಲು ಕೋಣೆಯಲ್ಲಿ ಅದು ಬಿಡದೆ ಹೊಡೆದುಕೊಳ್ಳುತ್ತಿತ್ತು. ಎಷ್ಟು ಹೊತ್ತಿನಿಂದಲೋ. ಖಾಲಿ ಕುರ್ಚಿಗೆ, ಖಾಲಿ ಹಲಗೆಗೆ, ಮೇಲಿನ ಸಾಲು ಕೆಳಗಿನ ಸಾಲು ಎರಡೂ ಬರೀ ಮೊಳೆ.

"ಒತ್ತುತಾ ಇದಾನೆ! ಜೀವ ಇದೆ!" ಎಂದು ಉದ್ದಣ್ಣ ಕೂಗಿದ.

ಮೂರನೇ ಬಾಗಿಲಿಗೆ ಮ್ಯಾನೇಜರು ಬೀಗ ತೆಗೆದರು. ಬಾಗಿಲು ಜಗ್ಗಿದೊಡನೆ ಅವನು ಮೂಟೆ ಉರುಳಿದಂತೆ ಹೊರಗೆ ಉರುಳಿದ. ಗಂಟೆ ನಿಂತಿತು. ಅವನು ಒತ್ತುತ್ತಿರಲಿಲ್ಲ, ಭುಜ ಗುಂಡಿಗೆ ಸಿಕ್ಕಿ ಅಲ್ಲೇ ಕುಸಿದಿದ್ದ. ಬಿಳಿ ಅಂಗಿ ಹಲಗೆಯಂತೆ ಗಟ್ಟಿಯಾಗಿತ್ತು. ಹತ್ತೂ ಬೆರಳ ಉಗುರು ಒಡೆದಿದ್ದವು. ಬಾಗಿಲ ಒಳಮೈಯಲ್ಲಿ ಹಿಡಿಯ ತಗಡಿನ ಸುತ್ತ ರಕ್ತದ ಗೀರುಗಳು. ನಾಲ್ಕು ಸ್ಕ್ರೂಗಳಲ್ಲಿ ಒಂದನ್ನು ಅವನು ಬೆಲ್ಟಿನ ಕೊಂಡಿಯಿಂದ ಅರ್ಧ ತಿರುಗಿಸಿದ್ದ.

ಮೇಸ್ತ್ರಿ ಎದೆಗೆ ಕಿವಿಯಿಟ್ಟ. ಅವಳು ಕಾದಳು. ತನ್ನ ಜನ್ಮದಲ್ಲಿ ಅಷ್ಟು ಹೊತ್ತು ಯಾವುದಕ್ಕೂ ಕಾದಿರಲಿಲ್ಲ.

"ಇದೆ. ದೂರದಲ್ಲಿ ಇದೆ. ಬೇಗ ಎತ್ರಿ."

"ಆಂಬುಲೆನ್ಸಿಗೆ..." ಎಂದರು ಮ್ಯಾನೇಜರು.

"ಅದು ಬರೋಕೆ ಅರ್ಧ ಗಂಟೆ. ಈ ವ್ಯಾನಲ್ಲೇ ಹಾಕ್ರಿ!"

ಅಪ್ಪನಿಗೆಂದು ಹಾಸಿದ್ದ ಬಿಳಿ ಬಟ್ಟೆಯ ಮೇಲೆ ಅವನನ್ನು ಮಲಗಿಸಿದರು. ಇದ್ದಬದ್ದ ಕೋಟುಗಳನ್ನೆಲ್ಲ ಅವನ ಮೇಲೆ ಹೊದಿಸಿದರು. ಅವಳು ಡಬ್ಬಿ ತೆರೆದು ಅಪ್ಪನ ಟೋಪಿಯನ್ನು ಅವನ ತಲೆಗೆ ಹಾಕಿದಳು, ಕಾಲುಚೀಲಗಳನ್ನು ಕಾಲಿಗೆ ಏರಿಸಿದಳು. ಬಾಯಾರಿದಾಗ ಬಾವಿ ತೋಡುವವರನ್ನು ಕಂಡರೆ ಅಪ್ಪನಿಗೆ ಆಗುತ್ತಿರಲಿಲ್ಲ. ಅವಳು ಅವನ ಪಕ್ಕದಲ್ಲೇ ಮಲಗಿ, ಎರಡು ಕೈಯಿಂದ ತಬ್ಬಿ, ಕಿವಿಯಲ್ಲಿ "ರೀ, ರೀ" ಎಂದು ಕರೆಯತೊಡಗಿದಳು. ಅವನ ಕಣ್ಣು ಅರ್ಧ ತೆರೆದಿತ್ತು. ನೋಡುತ್ತಿರಲಿಲ್ಲ.

ವ್ಯಾನು ರಸ್ತೆಗೆ ಬಿತ್ತು. ಅದರ ನಾಲ್ಕೂ ಕಡೆ ಬೆಳಗ್ಗೆ ಕಟ್ಟಿದ ಬಿಳಿ ಹೂವು ಹಾಗೇ ಇತ್ತು. ಇಪ್ಪತ್ತು ವರ್ಷದಿಂದ ಆಮೆಯಂತೆ ಓಡಿಸಿ ಅಭ್ಯಾಸವಾಗಿದ್ದ ಡ್ರೈವರು ಇವತ್ತು ಹಾರ್ನಿನಿಂದ ಕೈ ತೆಗೆಯಲಿಲ್ಲ.

ಆದರೆ ಹೂವು ಕಟ್ಟಿದ ವ್ಯಾನು ಕಂಡು ಜನ ಅಲ್ಲಲ್ಲೇ ನಿಂತರು. ಸೈಕಲ್ಲಿನವನು ಇಳಿದು ನಿಂತ. ಮುಂದಿನ ಕಾರಿನವನು ಮರ್ಯಾದೆಗೆಂದು ವೇಗ ತಗ್ಗಿಸಿದ. "ಸತ್ತೋರಿಗೆ ಏನಪ್ಪಾ ಅವಸರ?" ಎಂದು ಯಾರೋ ಡ್ರೈವರನನ್ನು ಗದರಿಸಿದರು.

"ಬದುಕಿದಾರೆ! ಬಿಡ್ರಿ, ಬದುಕಿದಾರೆ!" ಅವಳು ಎದ್ದು ಕಿಟಕಿಯ ಗಾಜಿಗೆ ಬಡಿದಳು.

ಚೌಕದಲ್ಲಿ ರಸ್ತೆ ದಾಟುತ್ತಿದ್ದ ಮುದುಕನೊಬ್ಬ ವ್ಯಾನು ಕಂಡು ನಡುರಸ್ತೆಯಲ್ಲೇ ನಿಂತ. ಬೆನ್ನು ನೆಟ್ಟಗೆ ಮಾಡಿಕೊಂಡು, ತಲೆಯ ಮೇಲಿನ ಟೋಪಿ ತೆಗೆದು ಎದೆಗೆ ಹಿಡಿದ. ಡ್ರೈವರು ಬ್ರೇಕು ಒತ್ತಿದ, ಹಾರ್ನು ಒತ್ತಿದ. ಗಾಜಿನ ಹಿಂದೆ ಬಾಯಿ ತೆರೆದು ಕೂಗುತ್ತಿದ್ದ ಹೆಂಗಸನ್ನು ಮುದುಕ ಕಂಡ. ಪಾಪ ಅನ್ನಿಸಿರಬೇಕು, ಕಣ್ಣು ಮುಚ್ಚಿ ತಲೆಯನ್ನು ಇನ್ನಷ್ಟು ತಗ್ಗಿಸಿದ.